ಕಪ್ಪೆಯ ಚರ್ಮ ಮೊದಲೇ ಹೇಳಿತ್ತು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಹಿಂದಿನ ತಲೆಮಾರಿನವರಿಗೆ ಕಪ್ಪೆಯ ಹೊಟ್ಟೆಯೊಳಗಿನದೆಲ್ಲ ಬಾಯಿಪಾಠ. ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಪಿನ್ನು ಚುಚ್ಚಿ, ಹೊಟ್ಟೆಯ ಚರ್ಮವನ್ನು ಕತ್ತರಿಯಿಂದ ಸೀಳಿ ಎರಡೂ ಬದಿಗೆ ಸರಿಸಿದರೆ ಪಾಠ ಶುರುವಾಗುತ್ತಿತ್ತು. ಮೂರು ಕೋಣೆಯ ಹೃದಯ, ಕಂದು ಬಣ್ಣದ ಪಿತ್ತಜನಕಾಂಗ, ಅದಕ್ಕೆ ಅಂಟಿಕೊಂಡ ಹಸಿರು ಪಿತ್ತಕೋಶ, ಸುರುಳಿ ಸುತ್ತಿದ ಕರುಳು. ರೆಕಾರ್ಡ್ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಚಿತ್ರ, ಪ್ರತಿಯೊಂದಕ್ಕೂ ಗೆರೆ ಎಳೆದು ಹೆಸರು. ಚರ್ಮದ ಬಗ್ಗೆ ಮೇಷ್ಟ್ರೂ ಕೇಳುತ್ತಿರಲಿಲ್ಲ, ನಾವೂ ಬರೆಯುತ್ತಿರಲಿಲ್ಲ. ಈಗ ಕಾಲೇಜುಗಳಲ್ಲಿ ಆ ಪ್ರಯೋಗ ಬಹುಮಟ್ಟಿಗೆ ನಿಂತಿದೆ, ಒಳ್ಳೆಯದೇ ಆಯಿತು. ಆದರೆ ಕಪ್ಪೆಯ ಮೈಯಲ್ಲಿ ರಸಾಯನದ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೀಮಂತವಾದ ಅಂಗವನ್ನೇ ಅಷ್ಟು ವರ್ಷ ಪಕ್ಕಕ್ಕೆ ಸರಿಸುತ್ತ ಬಂದೆವಲ್ಲ ಎಂದು ಈಗ ನಗು ಬರುತ್ತದೆ.

ಕಪ್ಪೆಯ ಚರ್ಮಕ್ಕೆ ಕೂದಲಿಲ್ಲ, ಗರಿಯಿಲ್ಲ, ಹುರುಪೆಯಿಲ್ಲ. ಅದು ಅರ್ಧ ಶ್ವಾಸಕೋಶ, ಅರ್ಧ ಬಾಯಿ. ಕಪ್ಪೆ ನೀರನ್ನು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಅಲ್ಲಿಂದಲೇ. ಇದಕ್ಕೆಲ್ಲ ಚರ್ಮ ಸದಾ ಒದ್ದೆಯಾಗಿರಬೇಕು, ತೆಳ್ಳಗಿರಬೇಕು. ಸದಾ ಒದ್ದೆ, ತೆಳ್ಳಗೆ, ಅದೂ ಕೆಸರಿನಲ್ಲಿ: ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಇದಕ್ಕಿಂತ ಅನುಕೂಲದ ಜಾಗ ಬೇಕೆ? ಆದರೂ ಕಪ್ಪೆ ಕೊಳೆಯುವುದಿಲ್ಲ. ಚರ್ಮದ ತೆಳ್ಳನೆ ಸೀಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಎರಡು ಬಗೆಯ ಗ್ರಂಥಿಗಳು ಕಾಣುತ್ತವೆ. ಸಣ್ಣವು ಲೋಳೆಯವು, ಮೈಯನ್ನು ಒದ್ದೆಯಾಗಿಡುವುದು ಅವುಗಳ ಕೆಲಸ. ದೊಡ್ಡವು ವಿಷಗ್ರಂಥಿಗಳು. ಅವುಗಳೊಳಗೆ ಹರಳು ಹರಳಾಗಿ ಸರಕು ತುಂಬಿರುತ್ತದೆ, ಸುತ್ತಲೂ ಹಿಂಡುವ ಸ್ನಾಯುಕೋಶಗಳ ಪದರವಿರುತ್ತದೆ. ಕಪ್ಪೆ ಹೆದರಿದರೆ, ಗಾಯಗೊಂಡರೆ ನರದಿಂದ ಸಂಕೇತ ಬರುತ್ತದೆ, ಸ್ನಾಯು ಬಿಗಿಯುತ್ತದೆ, ಸರಕು ಹೊರಕ್ಕೆ ಚಿಮ್ಮುತ್ತದೆ.

ಆ ಸರಕಿನಲ್ಲಿ ಏನೇನೋ ಇರುತ್ತದೆ. ನೆಲಗಪ್ಪೆಗಳಲ್ಲಿ ಹೃದಯಕ್ಕೆ ಘಾತಕವಾದ ಸ್ಟೀರಾಯ್ಡುಗಳು, ದಕ್ಷಿಣ ಅಮೆರಿಕದ ಬಣ್ಣಬಣ್ಣದ ಪುಟ್ಟ ವಿಷಗಪ್ಪೆಗಳಲ್ಲಿ ತಿಂದ ಇರುವೆ, ನುಸಿಗಳಿಂದ ಕೂಡಿಟ್ಟ ಆಲ್ಕಲಾಯ್ಡುಗಳು. ಅವುಗಳ ಕಥೆ ಬೇರೆ. ಇಲ್ಲಿ ನಮಗೆ ಬೇಕಾದದ್ದು ಪೆಪ್ಟೈಡುಗಳು. ಅಮೈನೋ ಆಮ್ಲಗಳು ಸಾಲುಗೂಡಿದರೆ ಪ್ರೋಟೀನು ಆಗುತ್ತದೆ. ಸಾಲು ಗಿಡ್ಡವಾಗಿದ್ದರೆ, ಹತ್ತೋ ಇಪ್ಪತ್ತೋ ನಲವತ್ತೋ ಇದ್ದರೆ, ಅದಕ್ಕೆ ಪೆಪ್ಟೈಡ್ ಎನ್ನುತ್ತಾರೆ. ನಮ್ಮ ಮೈಯಲ್ಲಿ ಹಸಿವು, ನೋವು, ಗಾಬರಿ, ಜೀರ್ಣ ಇವನ್ನೆಲ್ಲ ನಡೆಸುವ ಎಷ್ಟೋ ಹಾರ್ಮೋನುಗಳು ಈ ಜಾತಿಯವೇ.

ಕಪ್ಪೆಯ ಚರ್ಮದಲ್ಲಿ ಈ ಪೆಪ್ಟೈಡುಗಳನ್ನು ಹುಡುಕುತ್ತ ಹೊರಟವರು ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್. 1909ರಲ್ಲಿ ಉತ್ತರ ಇಟಲಿಯ ಬೆಟ್ಟಸಾಲಿನ ಮಲೋಸ್ಕೊ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಪಾವಿಯಾದಲ್ಲಿದ್ದಾಗ ಜಠರ ಮತ್ತು ಕರುಳಿನ ಒಳಪದರದಿಂದ ಒಂದು ವಸ್ತುವನ್ನು ತೆಗೆದು ಅದಕ್ಕೆ ಎಂಟೆರಮೀನ್ ಎಂದು ಹೆಸರಿಟ್ಟರು. ಅಮೆರಿಕದಲ್ಲಿ 1948ರಲ್ಲಿ ರಕ್ತದಿಂದ ಬೇರ್ಪಡಿಸಿದ ಸೆರೊಟೋನಿನ್ ಎಂಬುದೂ ಇದೂ ಒಂದೇ ಎಂದು 1952ರಲ್ಲಿ ಖಚಿತವಾಯಿತು. ಇಂದು ಖಿನ್ನತೆಯ ಮಾತು ಬಂದಾಗಲೆಲ್ಲ ಕೇಳಿಬರುವ ಸೆರೊಟೋನಿನ್ ಅದೇ. ಎರ್ಸ್‌ಪಾಮರ್ ಇಟ್ಟ ಹೆಸರು ಉಳಿಯಲಿಲ್ಲ. ಆದರೆ ಅದನ್ನು ಅವರು ಆಕ್ಟೋಪಸ್ಸಿನ ಲಾಲಾಗ್ರಂಥಿಯಲ್ಲೂ ಕಪ್ಪೆಯ ಚರ್ಮದಲ್ಲೂ ಕಂಡಿದ್ದರು. ಕರುಳಿನಲ್ಲಿರುವುದು ಚರ್ಮದಲ್ಲಿ ಏಕಿದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಮುಂದಿನ ನಾಲ್ಕು ದಶಕ ಅವರು ಮಾಡಿದ್ದು ಹೊರನೋಟಕ್ಕೆ ಬೇಸರದ ಕೆಲಸ. ಆಸ್ಟ್ರೇಲಿಯಾ, ಅರ್ಜೆಂಟೀನಾ ಮುಂತಾದ ಕಡೆಗಳಿಂದ ನೂರಾರು ಜಾತಿಯ ಕಪ್ಪೆಗಳ ಚರ್ಮ ತರಿಸುವುದು, ಮೆಥನಾಲಿನಲ್ಲಿ ನೆನೆಹಾಕಿ ಸಾರ ತೆಗೆಯುವುದು, ಆ ಸಾರದ ಹನಿಯನ್ನು ಗಿನಿ ಇಲಿಯ ಕರುಳಿನ ತುಂಡಿನ ಮೇಲೆ ಬಿಟ್ಟು ಅದು ಸೆಳೆದುಕೊಳ್ಳುತ್ತದೋ ಸಡಿಲವಾಗುತ್ತದೋ ಎಂದು ನೋಡುವುದು. ಇವತ್ತಿನ ಅನುದಾನ ಸಮಿತಿಯೊಂದರ ಮುಂದೆ ಇಂಥ ಯೋಜನೆ ಇಟ್ಟರೆ ಎದ್ದು ಹೋಗಿ ಎನ್ನುತ್ತಿದ್ದರೇನೋ. ಎರ್ಸ್‌ಪಾಮರ್‌ಗೆ ಮಾತ್ರ ಒಂದಾದ ಮೇಲೊಂದು ನಿಧಿ ಸಿಕ್ಕಿತು.

1964ರಲ್ಲಿ ದಕ್ಷಿಣ ಅಮೆರಿಕದ ಒಂದು ಪುಟ್ಟ ಕಪ್ಪೆಯ ಚರ್ಮದಿಂದ ಫೈಸಲೇಮಿನ್ ಎಂಬ ಹನ್ನೊಂದು ಅಮೈನೋ ಆಮ್ಲಗಳ ಪೆಪ್ಟೈಡಿನ ರಚನೆ ಹೊರಬಂತು. ರಕ್ತದ ಒತ್ತಡವನ್ನು ಥಟ್ಟನೆ ಇಳಿಸುವುದು, ಜೊಲ್ಲು ಸುರಿಸುವುದು ಅದರ ಗುಣ. ಸಸ್ತನಿಗಳ ಮಿದುಳು ಮತ್ತು ಕರುಳಿನಲ್ಲಿ ಇಂಥದೇ ಗುಣದ ಸಬ್‌ಸ್ಟೆನ್ಸ್ ಪಿ ಎಂಬ ವಸ್ತು ಇದೆ ಎಂದು 1931ರಿಂದಲೇ ಗೊತ್ತಿತ್ತು, ಅದರ ರಚನೆ ಮಾತ್ರ ಯಾರಿಗೂ ದಕ್ಕಿರಲಿಲ್ಲ. ಕೊನೆಗೆ 1971ರಲ್ಲಿ ಅಮೆರಿಕದ ಸುಸಾನ್ ಲೀಮನ್ ಅವರ ತಂಡ ದನದ ಮಿದುಳಿನಿಂದ ಅದನ್ನು ಬಿಡಿಸಿತು. ನೋಡಿದರೆ ಹನ್ನೊಂದೇ ಅಮೈನೋ ಆಮ್ಲ, ಬಾಲದ ಕಡೆಯ ಸಾಲು ಕಪ್ಪೆಯದರ ನೆಂಟ. ಕಪ್ಪೆ ಏಳು ವರ್ಷ ಮೊದಲೇ ಹೇಳಿತ್ತು.

ಒಂದು ಸಲವಾದರೆ ಕಾಕತಾಳೀಯ ಎನ್ನಬಹುದಿತ್ತು. 1967ರಲ್ಲಿ ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯಿಂದ ಸೆರುಲೀನ್ ಸಿಕ್ಕಿತು. ಅದು ಪಿತ್ತಕೋಶವನ್ನು ಹಿಂಡುತ್ತದೆ, ಮೇದೋಜೀರಕ ಗ್ರಂಥಿಯಿಂದ ರಸ ಸುರಿಸುತ್ತದೆ. ನಮ್ಮ ಕರುಳಿನಲ್ಲಿ ಇದೇ ಕೆಲಸಕ್ಕಿರುವ ಹಾರ್ಮೋನು ಕೊಲೆಸಿಸ್ಟೋಕೈನಿನ್. ಎಣ್ಣೆತಿಂಡಿ ತಿಂದಾಗ ಪಿತ್ತರಸ ಇಳಿಯಲು ಹೇಳುವುದು ಅದೇ. ಸ್ಟಾಕ್‌ಹೋಮಿನಲ್ಲಿ ಅದರ ರಚನೆ ಬಿಡಿಸಿದಾಗ ಕೊನೆಯ ಎಂಟು ಅಮೈನೋ ಆಮ್ಲಗಳಲ್ಲಿ ಏಳು ಕಪ್ಪೆಯ ಸೆರುಲೀನಿಗೆ ತಾಳೆಯಾದವು. ಅದೂ ಸಾಲದೆಂಬಂತೆ ಎರಡರಲ್ಲೂ ಒಂದೇ ಅಮೈನೋ ಆಮ್ಲಕ್ಕೆ ಒಂದೇ ಬಗೆಯ ಗಂಧಕದ ಬಾಲ ಅಂಟಿತ್ತು. ಸೆರುಲೀನ್ ಮುಂದೆ ಪಿತ್ತಕೋಶ ಪರೀಕ್ಷೆಯ ಔಷಧಿಯಾಯಿತು. ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಇಲಿಗಳ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ ಎಂದು ತಿಳಿದ ಮೇಲೆ, ಆ ಕಾಯಿಲೆಯನ್ನು ಅಭ್ಯಾಸ ಮಾಡುವವರು ಇವತ್ತಿಗೂ ಇದನ್ನೇ ಬಳಸುತ್ತಾರೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಬಾಂಬೆಸಿನ್ ಕಥೆ. ಯುರೋಪಿನಲ್ಲಿ ಕೆಂಪು ಹೊಟ್ಟೆಯ ಬಾಂಬಿನಾ ಎಂಬ ಕಪ್ಪೆಯಿದೆ. ಹೆದರಿಸಿದರೆ ಬೆನ್ನು ಬಿಲ್ಲಾಗಿಸಿ, ಕಾಲೆತ್ತಿ, ಹೊಟ್ಟೆಯ ಬಣ್ಣ ತೋರಿಸುತ್ತದೆ. ಅದರ ಚರ್ಮದಿಂದ 1970ರ ಹೊತ್ತಿಗೆ ಹದಿನಾಲ್ಕು ಅಮೈನೋ ಆಮ್ಲಗಳ ಬಾಂಬೆಸಿನ್ ಬಂತು. ಜಠರದಲ್ಲಿ ಆಮ್ಲ ಹೆಚ್ಚಿಸುವ ಈ ಪೆಪ್ಟೈಡಿಗೆ ಸಸ್ತನಿಗಳಲ್ಲಿ ಜೋಡಿ ಯಾವುದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎರ್ಸ್‌ಪಾಮರ್ ಅಷ್ಟರಲ್ಲಿ ಚರ್ಮ, ಕರುಳು, ಮಿದುಳು ಮೂರನ್ನೂ ಒಂದೇ ತ್ರಿಕೋನದ ಮೂಲೆಗಳೆಂದು ಹೇಳತೊಡಗಿದ್ದರು. ಕಪ್ಪೆಯ ಚರ್ಮದಲ್ಲಿ ಏನಾದರೂ ಸಿಕ್ಕಿದರೆ ಅದರ ಜೋಡಿ ನಮ್ಮ ಕರುಳಿನಲ್ಲೋ ಮಿದುಳಿನಲ್ಲೋ ಇದ್ದೇ ಇರಬೇಕು, ಹುಡುಕಿ ಎಂಬುದು ಅವರ ವಾದ. ಹುಡುಕಿದರು. 1979ರಲ್ಲಿ ಹಂದಿಯ ಜಠರದಿಂದ ಇಪ್ಪತ್ತೇಳು ಅಮೈನೋ ಆಮ್ಲಗಳ ಒಂದು ಹಾರ್ಮೋನು ಹೊರಬಂತು. ಅದರ ಕೊನೆಯ ಹತ್ತರಲ್ಲಿ ಒಂಬತ್ತು ಬಾಂಬೆಸಿನ್‌ನ ಅಕ್ಷರಶಃ ನಕಲು. ಮೈಯಲ್ಲಿ ತುರಿಕೆಯ ಸುದ್ದಿಯನ್ನು ಬೆನ್ನುಹುರಿಯಲ್ಲಿ ಸಾಗಿಸುವುದರಲ್ಲಿ ಇದೇ ಹಾರ್ಮೋನಿನ ಕೈವಾಡವಿದೆ ಎಂದು 2007ರಲ್ಲಿ ಗೊತ್ತಾಯಿತು. ಪ್ರಾಸ್ಟೇಟ್, ಸ್ತನದ ಹಲವು ಗೆಡ್ಡೆಗಳ ಮೇಲೆ ಇದನ್ನು ಹಿಡಿಯುವ ಗ್ರಾಹಕಗಳು ವಿಪರೀತ ಸಂಖ್ಯೆಯಲ್ಲಿರುತ್ತವೆ. ಹಾಗಾಗಿ ವಿಕಿರಣ ಸೂಸುವ ಪರಮಾಣುವನ್ನು ಬಾಂಬೆಸಿನ್ ಮಾದರಿಯ ಪೆಪ್ಟೈಡಿಗೆ ಕಟ್ಟಿ, ಅದು ಮೈಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಸ್ಕ್ಯಾನಿನಲ್ಲಿ ನೋಡುವ ವಿಧಾನ ಬೆಳೆಯುತ್ತಿದೆ.

ಕಪ್ಪೆಗೆ ನಮ್ಮ ಪಿತ್ತಕೋಶದ ಉಸಾಬರಿ ಏಕೆ? ಅದರ ಲೆಕ್ಕದಲ್ಲಿ ಇದು ನಮ್ಮ ಹಾರ್ಮೋನು ಅಲ್ಲವೇ ಅಲ್ಲ, ತನ್ನನ್ನು ನುಂಗುವವರ ಹಾರ್ಮೋನು. ಹಾವು, ಹಕ್ಕಿ, ಕಪ್ಪೆ, ಮನುಷ್ಯ ಎಲ್ಲರ ಕರುಳೂ ಒಂದೇ ಹಳೆಯ ಮೂಲದ ಹಾರ್ಮೋನುಗಳಿಂದ ನಡೆಯುತ್ತದೆ. ನುಂಗಲು ಬಂದವನ ಬಾಯಿಯಲ್ಲಿ ಅವನದೇ ಹಾರ್ಮೋನನ್ನು ಹತ್ತಾರು ಪಟ್ಟು ಸುರಿದುಬಿಟ್ಟರೆ ಹೊಟ್ಟೆ ತೊಳಸುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಆಫ್ರಿಕದ ಜೆನೊಪಸ್ ಕಪ್ಪೆಯನ್ನು ಕಚ್ಚಿದ ಹಾವಿನ ದವಡೆ ಅದರ ಹಿಡಿತ ಮೀರಿ ಆಕಳಿಸಿದ ಹಾಗೆ ತೆರೆದುಕೊಳ್ಳುವುದನ್ನೂ, ಕಪ್ಪೆ ಮೆಲ್ಲಗೆ ಹೊರಗೆ ಬರುವುದನ್ನೂ 1980ರ ದಶಕದ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಎಲ್ಲಕ್ಕಿಂತ ವಿಚಿತ್ರದ್ದು 1981ರಲ್ಲಿ ಬಂತು. ಅರ್ಜೆಂಟೀನಾ, ಪರಾಗ್ವೆಯ ಒಣಕಾಡಿನಲ್ಲಿ ಫೈಲೊಮೆಡುಸಾ ಸೌವಾಜಿ ಎಂಬ ಮರಗಪ್ಪೆಯಿದೆ. ಬಿಸಿಲಿಗೆ ಒಣಗದಿರಲಿ ಎಂದು ತನ್ನ ಚರ್ಮದಿಂದ ಒಸರುವ ಮೇಣವನ್ನು ಕೈಕಾಲಿನಿಂದ ಮೈಗೆಲ್ಲ ಬಳಿದುಕೊಳ್ಳುತ್ತದೆ. ಇದರ ಚರ್ಮದಿಂದ ಎರ್ಸ್‌ಪಾಮರ್ ತಂಡ ತೆಗೆದ ಡರ್ಮಾರ್ಫಿನ್‌ನಲ್ಲಿ ಇರುವುದು ಏಳೇ ಅಮೈನೋ ಆಮ್ಲ, ಆದರೆ ನೋವು ನಿವಾರಣೆಯಲ್ಲಿ ಮಾರ್ಫಿನ್‌ಗಿಂತ ಮೂವತ್ತು, ನಲವತ್ತು ಪಟ್ಟು ಪ್ರಬಲ. ಪ್ರಯೋಗಾಲಯದಲ್ಲಿ ಅದೇ ಏಳನ್ನು ಅದೇ ಸಾಲಿನಲ್ಲಿ ಜೋಡಿಸಿ ಮಾಡಿದ ನಕಲು ಮಾತ್ರ ಕೆಲಸವನ್ನೇ ಮಾಡಲಿಲ್ಲ. ಅಮೈನೋ ಆಮ್ಲಗಳಿಗೆ ಎಡಗಡೆಯ ರೂಪ, ಬಲಗಡೆಯ ರೂಪ ಎಂದು ಎರಡಿವೆ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದ ಹಾಗೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪ್ರಾಣಿಗಳ ಪ್ರೋಟೀನುಗಳೆಲ್ಲ ಎಡರೂಪದವು ಎಂದು ಪಠ್ಯಪುಸ್ತಕಗಳು ಬರೆದಿದ್ದವು. ಡರ್ಮಾರ್ಫಿನ್‌ನ ಎರಡನೆಯ ಸ್ಥಾನದಲ್ಲಿದ್ದದ್ದು ಬಲರೂಪದ ಅಲನಿನ್. ಜೀನನ್ನು ಓದಿದರೆ ಅಲ್ಲಿ ಸಾಧಾರಣ ಎಡರೂಪದ ಅಲನಿನ್‌ಗೇ ಸಂಕೇತವಿದೆ. ಅಂದರೆ ಪೆಪ್ಟೈಡ್ ತಯಾರಾದ ಮೇಲೆ ಕಪ್ಪೆಯ ಚರ್ಮದೊಳಗಿನ ಕಿಣ್ವವೊಂದು ಆ ಒಂದೇ ಒಂದನ್ನು ಮಗುಚಿ ಹಾಕುತ್ತದೆ. ಲಾಭವೇನೆಂದರೆ ಪ್ರೋಟೀನು ಕತ್ತರಿಸುವ ಕಿಣ್ವಗಳಿಗೆ ಈ ಬಲರೂಪದ ಗಂಟು ಸುಲಭವಾಗಿ ಬಿಚ್ಚುವುದಿಲ್ಲ, ಔಷಧಿ ಬಹಳ ಹೊತ್ತು ಉಳಿಯುತ್ತದೆ. ಇಷ್ಟು ಸೊಗಸಾದ ರಸಾಯನಕ್ಕೆ ಮನುಷ್ಯ ಕಂಡುಕೊಂಡ ಮೊದಲ ಉಪಯೋಗಗಳಲ್ಲಿ ಒಂದು ಕುದುರೆ ಜೂಜು. 2012ರಲ್ಲಿ ಅಮೆರಿಕದ ಲೂಸಿಯಾನ, ಒಕ್ಲಹೋಮ, ನ್ಯೂ ಮೆಕ್ಸಿಕೊಗಳಲ್ಲಿ ಓಡಿದ ಮೂವತ್ತಕ್ಕೂ ಹೆಚ್ಚು ಕುದುರೆಗಳ ಮೈಯಲ್ಲಿ ಡರ್ಮಾರ್ಫಿನ್ ಸಿಕ್ಕಿತು. ಕಾಲು ನೋಯುತ್ತಿದ್ದರೂ ಕುದುರೆ ಓಡಲಿ ಎಂದು.

ಇದೇ ಕುಲದ ಇನ್ನೊಂದು ಕಪ್ಪೆಯ ಒಸರನ್ನು ಅಮೆಜಾನಿನ ಮತ್ಸೇಸ್ ಮುಂತಾದ ಜನ ಬೇಟೆಗೆ ಮುನ್ನ ಮೈಮೇಲೆ ಸುಟ್ಟುಕೊಂಡ ಪುಟ್ಟ ಗಾಯಗಳಿಗೆ ಹಚ್ಚಿಕೊಳ್ಳುತ್ತಾರೆ. ಗಾಯವೇಕೆಂದರೆ ನುಂಗಿದ ಪೆಪ್ಟೈಡು ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ನೇರ ರಕ್ತಕ್ಕೆ ಸೇರಬೇಕು. ಹಚ್ಚಿದ ಕೂಡಲೇ ಎದೆಬಡಿತ, ಬೆವರು, ಬಳಬಳನೆ ವಾಂತಿ. ಅವರ ಕಾಡಿನಲ್ಲಿ ಅದಕ್ಕೆ ಅವರದೇ ಅರ್ಥವಿದೆ, ಕ್ರಮವಿದೆ. ನಗರಗಳಲ್ಲಿ ಅದನ್ನೇ ಕಂಬೋ ಎಂಬ ಹೆಸರಿನಲ್ಲಿ ‘ದೇಹಶುದ್ಧಿ’ ಎಂದು ಮಾರುವವರಿದ್ದಾರೆ, ಸತ್ತವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. 2021ರಲ್ಲಿ ಆಸ್ಟ್ರೇಲಿಯಾ ಇದನ್ನು ನಿಷೇಧಿಸಿತು. ವಾಂತಿಯಾದದ್ದೆಲ್ಲ ಶುದ್ಧಿಯಲ್ಲ, ಅದು ಹಾವಿಗೆಂದು ಇಟ್ಟುಕೊಂಡಿದ್ದ ವಿಷ.

ಇಷ್ಟರವರೆಗಿನದು ನುಂಗುವವರ ವಿರುದ್ಧದ ಸರಕು. ರೋಗಾಣುಗಳ ವಿರುದ್ಧದ್ದು ಬೇರೆಯೇ ಇದೆ. ರಷ್ಯಾದ ಹಳ್ಳಿಗಳಲ್ಲಿ ಹಾಲು ಕೆಡದಿರಲೆಂದು ಕ್ಯಾನಿನೊಳಗೆ ಕಪ್ಪೆ ಬಿಡುವ ಪದ್ಧತಿಯಿತ್ತು. ಕೇಳಿದರೆ ಮುಖ ಕಿವುಚಬೇಕು ಅನಿಸುತ್ತದೆ. ಮಾಸ್ಕೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2012ರಲ್ಲಿ ಆ ಕಂದುಗಪ್ಪೆಯ ಚರ್ಮದಲ್ಲಿ 76 ಪೆಪ್ಟೈಡುಗಳನ್ನು ಎಣಿಸಿದರು, ಅವುಗಳಲ್ಲಿ ಹಲವು ಬ್ಯಾಕ್ಟೀರಿಯಾ ಕೊಲ್ಲುವಂಥವು. ಹಳ್ಳಿಯ ಹೆಂಗಸರು ಸುಮ್ಮನೆ ಬಿಡುತ್ತಿರಲಿಲ್ಲ.

ಆದರೆ ಜಗತ್ತು ಕಿವಿಗೊಟ್ಟದ್ದು 1987ರಲ್ಲಿ, ಜೆನೊಪಸ್‌ನ ದೆಸೆಯಿಂದ. ದಕ್ಷಿಣ ಆಫ್ರಿಕದ ಈ ಕೆಸರುಗಪ್ಪೆ ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಹೋದದ್ದಕ್ಕೆ ಕಾರಣ ಬಸಿರಿನ ಪರೀಕ್ಷೆ. ಹೆಂಗಸಿನ ಮೂತ್ರವನ್ನು ಹೆಣ್ಣುಗಪ್ಪೆಗೆ ಚುಚ್ಚಿದರೆ, ಬಸಿರಾಗಿದ್ದ ಪಕ್ಷದಲ್ಲಿ ಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತದೆ. ಕೇಪ್‌ಟೌನ್‌ನಲ್ಲಿ ಲ್ಯಾನ್ಸೆಲಾಟ್ ಹಾಗ್‌ಬೆನ್ 1930ರ ಸುಮಾರಿಗೆ ಮಾಡಿದ ಕೆಲಸದಿಂದ ಹುಟ್ಟಿದ ಈ ಪರೀಕ್ಷೆ 1960ರ ದಶಕದವರೆಗೂ ನಡೆಯಿತು. ಆಮೇಲೆ ಕಪ್ಪೆಗಳು ಜೀವಕೋಶ ಸಂಶೋಧಕರ ಪಾಲಾದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕೆಲ್ ಝಾಸ್ಲಾಫ್ ಅವುಗಳ ಹೊಟ್ಟೆ ಕೊಯ್ದು ಅಂಡಕೋಶ ತೆಗೆದು, ಹೊಲಿಗೆ ಹಾಕಿ, ರಾಡಿ ನೀರಿನ ತೊಟ್ಟಿಗೆ ಮರಳಿ ಬಿಡುತ್ತಿದ್ದರು. ಶಸ್ತ್ರಕ್ರಿಯೆಯಲ್ಲಿ ದೊಡ್ಡ ಮಡಿಮೈಲಿಗೆಯೇನೂ ಇರಲಿಲ್ಲ. ಆದರೂ ಒಂದು ಗಾಯವೂ ಕೀವಾಗುತ್ತಿರಲಿಲ್ಲ. ಅವರಿಗಿಂತ ಮೊದಲು ಇದನ್ನು ಕಂಡವರು ಎಷ್ಟು ಜನವೋ, ಏಕೆ ಎಂದು ಕೇಳಿದವರು ಅವರು. ಚರ್ಮದಲ್ಲಿ ಇಪ್ಪತ್ತಮೂರು ಅಮೈನೋ ಆಮ್ಲಗಳ ಎರಡು ಅವಳಿ ಪೆಪ್ಟೈಡುಗಳು ಸಿಕ್ಕವು, ಮಗೈನಿನ್‌ಗಳು.

ಇವು ಕೊಲ್ಲುವ ಬಗೆ ಪೆನಿಸಿಲಿನ್ ತರಹದ್ದಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣ ವಿದ್ಯುದಂಶ ಹೆಚ್ಚು, ನಮ್ಮ ಜೀವಕೋಶದ ಹೊರಮೈ ತಟಸ್ಥ. ಮಗೈನಿನ್ ಧನ ವಿದ್ಯುದಂಶದ್ದು, ಆದ್ದರಿಂದ ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾಕ್ಕೆ ಅಂಟುತ್ತದೆ. ಅಂಟಿದ ಮೇಲೆ ಸುರುಳಿಯಾಗುತ್ತದೆ, ಸುರುಳಿಯ ಒಂದು ಪಕ್ಕ ಕೊಬ್ಬನ್ನು ಬಯಸುತ್ತದೆ, ಇನ್ನೊಂದು ಪಕ್ಕ ನೀರನ್ನು. ಇಂಥ ಹಲವು ಸುರುಳಿಗಳು ಪೊರೆಯೊಳಗೆ ನುಗ್ಗಿ ಸೇರಿದರೆ ತೂತು ಬೀಳುತ್ತದೆ, ಒಳಗಿನದು ಹೊರಗೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ಒಂದು ಕಿಣ್ವವನ್ನು ತಡೆಯುವ ಔಷಧಿಯಾದರೆ ಬ್ಯಾಕ್ಟೀರಿಯಾ ಆ ಕಿಣ್ವ ಬದಲಿಸಿ ಪಾರಾಗಬಹುದು, ಪೊರೆಯನ್ನೇ ಹೇಗೆ ಬದಲಿಸೀತು ಎಂದು ಆಸೆ ಚಿಗುರಿತು. ಕಂಪನಿ ಹುಟ್ಟಿತು. ಮಗೈನಿನ್ ತಿದ್ದಿ ಮಾಡಿದ ಪೆಕ್ಸಿಗನಾನ್ ಮುಲಾಮು ಮಧುಮೇಹಿಗಳ ಕಾಲಿನ ಹುಣ್ಣಿಗೆ ಪರೀಕ್ಷೆಗೆ ಬಂತು. ಹಳೆಯ ಮಾತ್ರೆಗಿಂತ ಇದು ಮೇಲು ಎಂದು ತೋರಲಿಲ್ಲವಾದ್ದರಿಂದ 1999ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಒಪ್ಪಿಗೆ ಕೊಡಲಿಲ್ಲ. 2016ರಲ್ಲಿ ಬೇರೊಂದು ಕಂಪನಿ ಮತ್ತೆ ಪ್ರಯತ್ನಿಸಿತು, ಮತ್ತೆ ಸೋತಿತು.

ಪೊರೆ ಬದಲಿಸಲಾಗದು ಎಂಬ ಆಸೆಯೂ ನಿಲ್ಲಲಿಲ್ಲ. ಪ್ರತಿರೋಧ ಬೆಳೆಯುವುದು ಕಷ್ಟ ಎಂದು ಝಾಸ್ಲಾಫ್, ಬೆಳೆದೇ ಬೆಳೆಯುತ್ತದೆ ಎಂದು ಕೆನಡಾದ ವಿಕಾಸವಿಜ್ಞಾನಿ ಗ್ರಹಾಂ ಬೆಲ್. ಇಬ್ಬರೂ ಸೇರಿಯೇ ಪ್ರಯೋಗಕ್ಕಿಳಿದರು. ಬ್ಯಾಕ್ಟೀರಿಯಾಗಳನ್ನು ಆರೇಳು ನೂರು ಪೀಳಿಗೆ ಪೆಕ್ಸಿಗನಾನ್ ಹೆಚ್ಚಿಸುತ್ತ ಬೆಳೆಸಿದಾಗ 24 ಸಂತತಿಗಳಲ್ಲಿ 22 ಪ್ರತಿರೋಧ ಗಳಿಸಿಕೊಂಡಿದ್ದವು. 2006ರಲ್ಲಿ ಅಚ್ಚಾದ ಆ ಲೇಖನದಲ್ಲಿ ಝಾಸ್ಲಾಫ್ ಹೆಸರೂ ಇದೆ. ತನ್ನ ಮಾತಿಗೆ ವಿರುದ್ಧವಾದ ಫಲಿತಾಂಶಕ್ಕೆ ತಾನೇ ಸಹಿ ಹಾಕುವವರು ವಿಜ್ಞಾನದಲ್ಲೂ ಕಡಿಮೆ.

ನಮ್ಮ ಪಶ್ಚಿಮ ಘಟ್ಟಕ್ಕೆ ಬರೋಣ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕತಂತ್ರಜ್ಞಾನ ಕೇಂದ್ರದವರು ವರ್ಷಗಳಿಂದ ಘಟ್ಟದ ಕಪ್ಪೆಗಳ ಚರ್ಮದ ಪೆಪ್ಟೈಡುಗಳನ್ನು ಕೂಡಿಸುತ್ತಿದ್ದಾರೆ. ಇದಕ್ಕೆ ಕಪ್ಪೆ ಕೊಲ್ಲಬೇಕಿಲ್ಲ, ತೀರ ಸಣ್ಣ ವಿದ್ಯುತ್ತನ್ನು ತಾಗಿಸಿದರೆ ಒಸರುತ್ತದೆ. ಒರೆಸಿಕೊಂಡು ಕಪ್ಪೆಯನ್ನು ಬಿಟ್ಟುಬಿಡಬಹುದು, ರಚನೆ ಗೊತ್ತಾದ ಮೇಲೆ ಮಿಕ್ಕದ್ದನ್ನು ಯಂತ್ರ ಮಾಡುತ್ತದೆ. ಅವರೂ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಜೋಷಿ ಜೇಕಬ್ ತಂಡವೂ ಸೇರಿ ಹೈಡ್ರೊಫೈಲಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯ 32 ಪೆಪ್ಟೈಡುಗಳನ್ನು ಫ್ಲೂ ವೈರಸ್ಸಿನ ಮೇಲೆ ಪರೀಕ್ಷಿಸಿದರು. ನಾಲ್ಕು ಕೆಲಸ ಮಾಡಿದವು. ಮೂರು ಮನುಷ್ಯನ ಕೆಂಪು ರಕ್ತಕಣಗಳನ್ನೂ ಒಡೆದವು. ಉಳಿದ ಒಂದಕ್ಕೆ ಕಳರಿಪಯಟ್ಟಿನ ಬಳುಕುವ ಕತ್ತಿಯ ನೆನಪಿಗೆ ಉರುಮಿನ್ ಎಂದು ಹೆಸರಿಟ್ಟರು. ಅದು ಎಚ್1 ಗುಂಪಿನ ವೈರಸ್ಸನ್ನು ಒಡೆಯುತ್ತದೆ, ಎಚ್3 ಗುಂಪಿನದಕ್ಕೆ ಏನೂ ಮಾಡದು. ಇಲಿಗಳನ್ನು ಸಾವಿನಿಂದ ಉಳಿಸಿತು. 2017ರಲ್ಲಿ ಪತ್ರಿಕೆಗಳೆಲ್ಲ ‘ಕಪ್ಪೆಯ ಲೋಳೆಯಿಂದ ಜ್ವರಕ್ಕೆ ಮದ್ದು’ ಎಂಬ ಧಾಟಿಯಲ್ಲಿ ಬರೆದವು. ಮದ್ದಿನಂಗಡಿಗೆ ಅದು ಬಂದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮದ್ದಿನ ಆಸೆಯೇ ಕಪ್ಪೆಯ ಚರ್ಮದ ಬಗೆಗಿನ ಮಾತನ್ನು ಹಾಳು ಮಾಡಿದೆ. ಸೋಂಕಿಗೆಂದು ಕಪ್ಪೆಯ ಚರ್ಮದಿಂದ ಹುಟ್ಟಿದ ಒಂದು ಔಷಧಿಯೂ ಇಂದಿಗೂ ಒಪ್ಪಿಗೆ ಪಡೆದಿಲ್ಲ. ಆದರೆ ನಮ್ಮ ಕರುಳೂ ಮಿದುಳೂ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ ಎಂದು ತಿಳಿಯುವುದಕ್ಕೆ ಅದು ಕೊಟ್ಟದ್ದು ಯಾವ ಔಷಧಿಗೂ ಕಡಿಮೆಯದಲ್ಲ. ಉಪಯೋಗವೇನು ಎಂದು ಕೇಳದೆ ಚರ್ಮ ನೆನೆಹಾಕುತ್ತ ಕೂತ ಎರ್ಸ್‌ಪಾಮರ್‌ಗೆ ಸಿಕ್ಕಷ್ಟು, ಉಪಯೋಗವನ್ನೇ ಹುಡುಕಿ ಹೊರಟ ಕಂಪನಿಗಳಿಗೆ ಸಿಕ್ಕಿಲ್ಲ.

ಹುಡುಕುವುದಕ್ಕೆ ಕಪ್ಪೆಗಳು ಉಳಿದಿರಬೇಕು, ಆ ಮಾತೂ ಇದೆ. ಕಪ್ಪೆಯ ಚರ್ಮವನ್ನೇ ತಿನ್ನುವ ಕೈಟ್ರಿಡ್ ಎಂಬ ಶಿಲೀಂಧ್ರದಿಂದ 501 ಜಾತಿಗಳು ಕುಸಿದಿವೆ, 90 ಜಾತಿಗಳು ನಾಶವಾಗಿರಬೇಕು ಎಂದು 2019ರ ಅಂದಾಜು. ಇದರ ಮೂಲ ಪೂರ್ವ ಏಷ್ಯಾ ಎಂದು ಜೀನುಗಳು ಹೇಳುತ್ತವೆ, ಹರಡಿದ್ದು ಕಪ್ಪೆಗಳ ಸಾಗಾಟದಿಂದ. 1938ರಲ್ಲಿ ಹಿಡಿದಿಟ್ಟ ಜೆನೊಪಸ್ ಒಂದರ ಚರ್ಮದಲ್ಲೂ ಈ ಶಿಲೀಂಧ್ರ ಸಿಕ್ಕಿದೆ. ಆ ಕಪ್ಪೆಗೆ ಅದರಿಂದ ಏನೂ ಆಗುವುದಿಲ್ಲ, ಬೇರೆ ಕಪ್ಪೆಗಳು ಸಾಯುತ್ತವೆ. ಎಲ್ಲ ಜಾತಿಯ ಪೆಪ್ಟೈಡುಗಳೂ ಒಂದೇ ಸಮ ಬಲದವಲ್ಲ. ಘಟ್ಟದ ಕಪ್ಪೆಗಳಲ್ಲೂ ಇದು ಪತ್ತೆಯಾಗಿದೆ, ಸಾಮೂಹಿಕ ಸಾವು ಮಾತ್ರ ಇಲ್ಲಿ ವರದಿಯಾಗಿಲ್ಲ.

ಇನ್ನೊಂದು ವಿಷಯ. ಉರುಮಿನ್ ಕೊಟ್ಟ ಕಪ್ಪೆ ಪ್ರತ್ಯೇಕ ಜಾತಿ ಎಂದು ಗುರುತಾದದ್ದೇ 2015ರಲ್ಲಿ. ಅಲ್ಲಿಯವರೆಗೆ ಅದನ್ನು ಮಲಬಾರಿನ ಸೋದರ ಜಾತಿಯ ಲೆಕ್ಕಕ್ಕೇ ಸೇರಿಸುತ್ತಿದ್ದರು. ಕಪ್ಪೆಗಳನ್ನು ಬೇರೆಬೇರೆಯಾಗಿ ಗುರುತಿಸಿ ಹೆಸರಿಡುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ ಮರ್ಯಾದೆ ಕಡಿಮೆ, ಹುದ್ದೆಗಳು ಇನ್ನೂ ಕಡಿಮೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ಕಪ್ಪೆ ಕಂಡರೆ ಫೋಟೊ ತೆಗೆದು, ಜಾಗ, ದಿನಾಂಕದ ಸಮೇತ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಹಾಕಿ, ತಜ್ಞರಿಗೆ ನೆರವಾದೀತು. ಕೈಯಲ್ಲಿ ಹಿಡಿಯಬೇಡಿ. ರಸ್ತೆಯಿಂದ ದಾಟಿಸಲು ಹಿಡಿಯಲೇಬೇಕಾಗಿ ಬಂದರೆ ಕೈ ಒದ್ದೆ ಮಾಡಿಕೊಳ್ಳಿ. ಸೊಳ್ಳೆಯ ಮುಲಾಮು ಹಚ್ಚಿದ ಕೈಯಂತೂ ಬೇಡ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಬಿಟ್ಟ ಮೇಲೆ ಕಣ್ಣು ಮುಟ್ಟಿಕೊಳ್ಳುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ.